ಗೇಟಿಗೆ ಕಟ್ಟಿದ ತೆನೆ

ನಮ್ಮ ಕಟ್ಟಡದ ಹಿಂದಿನ ಗೇಟು ಒಂದು ಇಡೀ ವರ್ಷ ತೆರೆದೇ ಇತ್ತು. ಗಟ್ಟಿ ಕಬ್ಬಿಣದ ಗೇಟು. ಚಿಲಕವೂ ಇತ್ತು, ಬೀಗವೂ ಇತ್ತು, ಬೀಗದ ಕೈ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರ ಜೇಬಿನಲ್ಲಿ ಭದ್ರವಾಗಿತ್ತು. ಆದರೂ ಮುಚ್ಚಲು ಆಗಲಿಲ್ಲ. ಮುಚ್ಚಬೇಕಾದರೆ ಕಿರುಬೆರಳ ದಪ್ಪವೂ ಇಲ್ಲದ ಒಂದು ನಾರನ್ನು ಕತ್ತರಿಸಬೇಕಿತ್ತು. ಹದಿನಾಲ್ಕು ಮಹಡಿಯ ಕಟ್ಟಡ, ಡಾಕ್ಟರುಗಳಿದ್ದಾರೆ, ವಕೀಲರಿದ್ದಾರೆ, ಹಡಗಿನ ಕಂಪನಿ ನಡೆಸುವವರಿದ್ದಾರೆ. ಆ ನಾರಿಗೆ ಕತ್ತಿ ತಾಗಿಸುವ ಧೈರ್ಯ ಒಬ್ಬರಿಗೂ ಬರಲಿಲ್ಲ. ನೆನೆದರೆ ಈಗಲೂ ಒಬ್ಬಳೇ ಕೂತಲ್ಲಿ ನಗು ಬರುತ್ತದೆ.

ಆ ಗೇಟು ಹಾಕಿಸಲು ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಯ ತನಕ ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ಊಟ ಸೇರುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಕುಲಶೇಖರದಲ್ಲಿ, ಇದೇ ಗುಡ್ಡದ ಬುಡದ ಓಣಿಯಲ್ಲಿ. ಅಪ್ಪ ಬೋಳಾರದ ಹೊಳೆಬದಿಯ ಹೆಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯಲ್ಲಿ ನನ್ನ ಗೆಳತಿ. ಅವಳ ಅಪ್ಪನಿಗೂ ಅದೇ ಕಾರ್ಖಾನೆ. ನಮ್ಮ ಮನೆಯೊಳಗೆ ಕೊಂಕಣಿ, ಅವರ ಮನೆಯೊಳಗೆ ತುಳು, ಅಂಗಳಕ್ಕೆ ಇಳಿದರೆ ಎಲ್ಲರಿಗೂ ತುಳು. ಬಸ್ಸಿನ ರಸ್ತೆ ಗುಡ್ಡದ ಮೇಲೆ, ನಾವು ಕೆಳಗೆ, ನಡುವೆ ಮಳೆಗಾಲದಲ್ಲಿ ಸೊಂಟ ಮುರಿಯುವ ಹಾಗೆ ಜಾರುವ ಕೆಂಪು ಮಣ್ಣು. ಒಂದು ಬೇಸಿಗೆಯ ಆದಿತ್ಯವಾರಗಳಲ್ಲಿ ಓಣಿಯ ಗಂಡಸರೆಲ್ಲ ಸೇರಿ ಮುರಕಲ್ಲು ಕಡಿದು ಮೆಟ್ಟಿಲು ಮಾಡಿದರು. ನೂರ ಹನ್ನೆರಡು ಮೆಟ್ಟಿಲು. ನಮ್ಮಿಬ್ಬರ ಅಪ್ಪಂದಿರೇ ಮುಂದಾಳುಗಳು. ನಾವಿಬ್ಬರು ಹುಡುಗಿಯರು ಬೆಲ್ಲ ನೀರಿನ ಚೆಂಬು ಹಿಡಿದು ಮೇಲೆ ಕೆಳಗೆ ಓಡುತ್ತಿದ್ದೆವು. ಎಪ್ಪತ್ತನೆಯ ಮೆಟ್ಟಿಲು ಸ್ವಲ್ಪ ವಾರೆ. ಅದು ನನ್ನ ಅಪ್ಪನದು. ಅವಳ ಅಪ್ಪ ಸಾಯುವ ತನಕ ಅದನ್ನು ಹೇಳಿ ನಗಾಡುತ್ತಿದ್ದರು.

ಆಮೇಲೆ ನಾನು ನರ್ಸಿಂಗ್ ಕಲಿತೆ, ಗಲ್ಫಿಗೆ ಹೋದೆ, ಇಪ್ಪತ್ತೆರಡು ವರ್ಷ ಬೇರೆಯವರ ನಾಡಿ ಹಿಡಿದೆ. ಅವಳು ಏಳನೆಯ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದಳು, ಮದುವೆಯಾದಳು, ಗಂಡ ತೀರಿಕೊಂಡ ಮೇಲೆ ಅಡುಗೆ ಕೆಲಸಕ್ಕೆ ನಿಂತಳು. ಓದಿನಲ್ಲಿ ಅವಳು ನನಗಿಂತ ಮುಂದಿದ್ದಳು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ನನ್ನ ಲೆಕ್ಕದ ಮನೆಪಾಠವನ್ನೆಲ್ಲ ಮಾಡಿಕೊಟ್ಟವಳು ಅವಳೇ. ನಮ್ಮ ಮನೆಯಲ್ಲಿ ಒಬ್ಬ ಚಿಕ್ಕಮ್ಮ ಆಗಲೇ ನರ್ಸ್ ಆಗಿದ್ದರು, ದಾರಿ ಗೊತ್ತಿತ್ತು. ಅವಳ ಮನೆಯಲ್ಲಿ ಹಾಗೆ ಯಾರೂ ಇರಲಿಲ್ಲ. ಅಷ್ಟೇ ವ್ಯತ್ಯಾಸ.

ನಾನು ವಾಪಸು ಬಂದಾಗ ಗುಡ್ಡದ ಮೇಲೆ, ನಾವು ಗೇರುಹಣ್ಣು ಹೆಕ್ಕುತ್ತಿದ್ದ ಜಾಗದಲ್ಲಿ, ಈ ಕಟ್ಟಡ ಎದ್ದು ನಿಂತಿತ್ತು. ಮೂರನೆಯ ಮಹಡಿಯಲ್ಲಿ, ಹಿಂಬದಿಗೆ ಮುಖ ಮಾಡಿದ ಒಂದು ಮನೆ ಕೊಂಡೆ. ನನ್ನ ಅಡುಗೆಕೋಣೆಯ ಕಿಟಕಿಯಿಂದ ನೋಡಿದರೆ ಗೆಳತಿಯ ಮನೆಯ ಹೆಂಚು ಕಾಣಿಸುತ್ತದೆ. ಅವಳು ಈ ಕಟ್ಟಡದಲ್ಲಿ ಮೂರು ಮನೆಗಳಿಗೆ ಅಡುಗೆ ಮಾಡುತ್ತಾಳೆ: ಎರಡನೇ ಮಹಡಿ, ಹತ್ತನೇ ಮಹಡಿ, ಹದಿನಾಲ್ಕನೇ ಮಹಡಿ. ಮೆಟ್ಟಿಲಿನ ಮೇಲ್ತುದಿ ನಮ್ಮ ಕಾಂಪೌಂಡಿನ ಮೂಲೆಗೆ ಬಂದು ಮುಟ್ಟುತ್ತದೆ; ಅಲ್ಲಿಂದ ಗೋಡೆಯ ಒಳಬದಿಯ ಅಂಚಿನಲ್ಲಿ ನಡೆದರೆ ಬಸ್ಸಿನ ರಸ್ತೆ. ಓಣಿಯವರೆಲ್ಲ ಹಾಗೇ ಓಡಾಡುತ್ತಿದ್ದರು. ಬೆಳಿಗ್ಗೆ ಆರೂವರೆಗೆ ಅವಳು ಮನೆ ಬಿಟ್ಟರೆ ಆರು ಮುಕ್ಕಾಲಿಗೆ ಹತ್ತನೆಯ ಮಹಡಿಯಲ್ಲಿ ಒಲೆ ಉರಿಯುತ್ತಿತ್ತು.

ನಾವಿಬ್ಬರೇ ಇರುವಾಗ ಅವಳು ನನ್ನನ್ನು "ನೀನು" ಅನ್ನುತ್ತಿದ್ದಳು. ಬೇರೆಯವರ ಎದುರು "ಮೇಡಂ". ಮೊದಲ ಸಲ ಕೇಳಿದಾಗ ನನಗೆ ಕೆಂಡದಂಥ ಕೋಪ ಬಂತು.

"ಎಂತ ಮೇಡಂ? ನಿನ್ನ ತಲೆ!" ಅಂದೆ, ಆಚೆಯವರು ಹೋದ ಮೇಲೆ.

"ಇರ್ಲಿ ಮಾರಾಯ್ತಿ, ನಿನಗೆ ಒಳ್ಳೆಯದಕ್ಕೇ. ನನ್ನ ಹಾಗಿನವಳು ನೀನು-ಗೀನು ಹೇಳಿದ್ರೆ ನಿನ್ನನ್ನು ಇವರು ಲೆಕ್ಕಕ್ಕೆ ಹಿಡೀಲಿಕ್ಕಿಲ್ಲ" ಅಂದಳು. ತಮಾಷೆಗೆ ಹೇಳಿದ್ದೇ. ನನಗೆ ಮಾತ್ರ ಅದು ಚುಚ್ಚಿತು, ಯಾಕೆಂದರೆ ನಿಜವಾಗಿತ್ತು. ನನಗೂ ಲೆಕ್ಕಕ್ಕೆ ಸೇರಬೇಕೆಂಬ ಆಸೆ ಇತ್ತು.

ಆ ಆಸೆಯೇ ಕೈ ಎತ್ತಿಸಿದ್ದು. ಸಂಘದ ಸಭೆ ಒಂದು ಆದಿತ್ಯವಾರ ಸಂಜೆ ಹದಿನಾಲ್ಕನೆಯ ಮಹಡಿಯಲ್ಲಿ, ಅಧ್ಯಕ್ಷರ ಮನೆಯಲ್ಲೇ ನಡೆಯಿತು. ಅಧ್ಯಕ್ಷರು ನಮ್ಮವರೇ, ಕೊಂಕಣಿ ಮಾತಾಡುವ ಕಥೊಲಿಕರು, ದೊಡ್ಡ ವ್ಯಾಪಾರಸ್ಥರು, ನಯವಾದ ಮಾತು. ಒಳಗಿನಿಂದ ಬಿಸ್ಕಿಟ್ ರೊಟ್ಟಿ ಬಿಸಿಬಿಸಿಯಾಗಿ ತಟ್ಟೆ ತಟ್ಟೆ ಬರುತ್ತಿತ್ತು. ಖಾರದ ಹೂರಣ ಎಷ್ಟು ಹದವಾಗಿತ್ತೆಂದರೆ ನಾನು ನಾಚಿಕೆ ಬಿಟ್ಟು ನಾಲ್ಕು ತಿಂದೆ. ಭದ್ರತೆ, ಅಪರಿಚಿತರ ಓಡಾಟ, ಕಟ್ಟಡದ ಮರ್ಯಾದೆ ಎಂದೆಲ್ಲ ಮಾತು ಸಾಗಿ, ಹಿಂದುಗಡೆ ಗೇಟು ಹಾಕಿ ಬೀಗ ಜಡಿಯುವುದೆಂದು ಒಬ್ಬರು ಸೂಚಿಸಿದರು. ಅಧ್ಯಕ್ಷರು ನನ್ನ ಕಡೆ ತಿರುಗಿ, "ಇಷ್ಟು ವರ್ಷ ಹೊರದೇಶದಲ್ಲಿ ಇದ್ದವರು ನೀವು, ಶಿಸ್ತು ಅಂದ್ರೆ ಎಂತ ಅಂತ ಗೊತ್ತಿರುವವರು. ನೀವು ಅನುಮೋದಿಸಿ" ಎಂದರು. ಎಲ್ಲರೂ ನನ್ನನ್ನೇ ನೋಡಿದರು. ಕೈ ಮೇಲೆ ಹೋಯಿತು. ಬೀಗ ರಾತ್ರಿಗೆ ಮಾತ್ರ ಎಂದುಕೊಂಡಿದ್ದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಕ್ಷಣ ನಾನು ಎಂತದ್ದೂ ಅಂದುಕೊಂಡಿರಲಿಲ್ಲ, ಖುಷಿಯಲ್ಲಿ ಉಬ್ಬಿಹೋಗಿದ್ದೆ. ನನ್ನ ಅಪ್ಪ ಕಡಿದ ಮೆಟ್ಟಿಲಿಗೆ ನಾನೇ ಬೀಗ ಹಾಕಿಸಿದೆ. ಸಾಯ್ಬಾ ಭೊಗೊಸ್! ದೇವರೇ ಕ್ಷಮಿಸಬೇಕು.

ಗೇಟು ಬಂತು. ಓಣಿಯವರು ಮುಖ್ಯ ರಸ್ತೆಯಲ್ಲಿ ಸುತ್ತು ಬಳಸಿ ಬರಬೇಕಾಯಿತು, ಮುಕ್ಕಾಲು ಗಂಟೆಯ ದಾರಿ. ನಾನು ಒಂದು ಮಧ್ಯಾಹ್ನ ಅದೇ ಸುತ್ತುದಾರಿಯಲ್ಲಿ ಗೆಳತಿಯ ಮನೆಗೆ ಹೋದೆ. ಅವಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದಳು.

"ಹತ್ತನೇ ಮಹಡಿಯವರು ಹೇಳಿದ್ದಾರೆ" ಎಂದಳು. "ಅವರಿಗೆ ಏಳೂವರೆಗೆ ಟಿಫಿನ್ ಆಗ್ಬೇಕು. ಇನ್ನು ಒಂದು ತಿಂಗಳು ನೋಡ್ತಾರಂತೆ, ಆಮೇಲೆ ಬೇರೆ ಜನ ಹುಡುಕ್ತಾರಂತೆ. ಆ ಮನೆ ಹೋದ್ರೆ ನನ್ನ ಕಥೆ ಮುಗೀತು ಅಂತ ಲೆಕ್ಕ."

ನಾನು ಅವಳ ಪಕ್ಕದಲ್ಲಿ ಕೂತೆ.

"ಯಾರೆಲ್ಲ ಕೈ ಎತ್ತಿದ್ದಂತೆ?" ಅವಳು ಕೇಳಿದಳು, ಎಣ್ಣೆಯ ಬಾಟ್ಲಿಗೆ ಮುಚ್ಚಳ ಹಾಕುತ್ತಾ.

"ಗೊತ್ತಿಲ್ಲ ಮಾರಾಯ್ತಿ. ತುಂಬ ಜನ ಇದ್ರು" ಅಂದೆ.

"ಹ್ಞೂಂ" ಅಂದಳು. ಚಾ ಮಾಡಿಕೊಟ್ಟಳು. ಆಮೇಲೆ, "ನೀನು ಓದಿದವಳಲ್ವಾ, ನಮಗೆ ಒಂದು ಅರ್ಜಿ ಬರ್ದು ಕೊಡು. ವಾರ್ಡ್ ಸಭೆಗೆ ಕೊಡ್ಲಿಕ್ಕುಂಟು" ಅಂದಳು.

ಬರೆದೆ ನೋಡಿ! ಜೀವಮಾನದಲ್ಲಿ ನಾನು ಅಷ್ಟು ಖಾರವಾಗಿ ಬರೆದದ್ದಿಲ್ಲ. ಮೂರು ಪುಟ. ತಪ್ಪು ಮಾಡಿದವಳ ಕೈಗೆ ಎಷ್ಟು ವೇಗ ಬರುತ್ತದೆಂದು ಅವತ್ತೇ ಗೊತ್ತಾದದ್ದು.

ವಾರ್ಡ್ ಸಭೆ ಶಾಲೆಯ ಕೋಣೆಯಲ್ಲಿ, ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತು ನಡೆಯಿತು. ನಮ್ಮ ಕಟ್ಟಡದಿಂದ ಬಂದವಳು ನಾನೊಬ್ಬಳೇ. ಮೇಲಿನವರು ಇಂಥ ಸಭೆಗೆ ಬರುವುದಿಲ್ಲ. ಫೋನಿನಲ್ಲೇ ಕೆಲಸ ಆಗುವವರಿಗೆ ಬೆಂಚಿನಲ್ಲಿ ಕೂರುವ ದರ್ದು ಎಂತದ್ದು? ಆದ್ದರಿಂದ ಕೋಣೆ ತುಂಬ ಓಣಿಯವರೇ: ಅಡುಗೆಯವರು, ರಿಕ್ಷಾದವರು, ಮೀನು ಮಾರುವವರು, ಬೀಡಿ ಕಟ್ಟುವವರು. ಗೆಳತಿ ಎದ್ದು ನಿಂತಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನನ್ನ ಮೂರು ಪುಟವನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡು, ಓದದೆ, ಬಾಯಿಂದಲೇ ಹೇಳಿದಳು.

"ಆ ಕಟ್ಟಡದಲ್ಲಿ ಇಪ್ಪತ್ತು ಮನೆಗೆ ವರ್ಷವಿಡೀ ಬೀಗ ಉಂಟು ಸಾರ್. ಯಜಮಾನ್ರು ಹೊರದೇಶದಲ್ಲಿ. ಬೀಗ ಹಾಕಿದ ಮನೆಗೂ ಲಿಫ್ಟ್ ಉಂಟು, ನೀರುಂಟು, ಎರಡೆರಡು ಕಾರಿಗೆ ಜಾಗ ಉಂಟು. ನಮ್ಮ ಬಾವಿ ಮಾತ್ರ ಮಾರ್ಚ್‌ಗೇ ಬತ್ತುತ್ತೆ. ಅವರಿಗೆ ಅಡುಗೆ ಮಾಡ್ಲಿಕ್ಕೆ ನಾವು ಬೇಕು, ನಾವು ನಡೆಯುವ ದಾರಿ ಬೇಡ. ಇದು ಎಂತ ನ್ಯಾಯ? ಮೊದಲು ದಾರಿ ಕೊಡಿ. ಆಮೇಲೆ ಬೀಗ ಹಾಕಿದ ಮನೆಗೆ ಹೆಚ್ಚು ತೆರಿಗೆ ಹಾಕಿ, ಅದರಲ್ಲಿ ನಮ್ಮ ಓಣಿಗೆ ನೀರು ತನ್ನಿ."

ಕೋಣೆಯಲ್ಲಿ ಶಿಳ್ಳೆ ಬಿತ್ತು. ಸಭೆಗೆ ಬಂದಿದ್ದ ಪಾಲಿಕೆಯ ಅಧಿಕಾರಿ ಒಳ್ಳೆಯ ಮನುಷ್ಯ, ನಗುತ್ತಲೇ ಬರೆದುಕೊಂಡರು. "ತೆರಿಗೆಯ ವಿಷಯ ನಮ್ಮ ಕೈಯಲ್ಲಿ ಇಲ್ಲಮ್ಮ, ಅದು ಮೇಲಿನವರು ತೀರ್ಮಾನ ಮಾಡುವಂಥದ್ದು" ಎಂದರು.

"ಅಲ್ಲಿಗೂ ಬರ್ತೇವೆ ಸಾರ್. ಮೇಲೆ ಹತ್ತಿ ನಮಗೆ ಅಭ್ಯಾಸ ಉಂಟು" ಎಂದಳು ಅವಳು.

ದಾರಿಯ ವಿಷಯ ಬೇರೆ. ಹಳೆಯ ನಕ್ಷೆ ತೆಗೆಸಿ, ಅಳತೆ ಮಾಡಿ, ಸಾರ್ವಜನಿಕ ದಾರಿಗಳ ಪಟ್ಟಿಗೆ ಸೇರಿಸಬಹುದು. ಆದರೆ ಕೆಲವು ತಿಂಗಳು ಬೇಕು ಎಂದರು ಅಧಿಕಾರಿ. ನ್ಯಾಯವಾದ ಮಾತೇ. ಹತ್ತನೆಯ ಮಹಡಿಯವರು ಕಾಯುವುದು ಮಾತ್ರ ಒಂದೇ ತಿಂಗಳು.

ಅಷ್ಟರಲ್ಲಿ ಸೆಪ್ಟೆಂಬರ್ ಬಂತು, ನಮ್ಮ ಮೊಂತಿ ಫೆಸ್ತ್ ಬಂತು. ಮೊಂತಿ ಫೆಸ್ತ್ ಎಂದರೆ ಮಾತೆ ಮರಿಯಳ ಹುಟ್ಟುಹಬ್ಬ, ಹೊಸ ಭತ್ತದ ತೆನೆಯ ಹಬ್ಬ. ಮಕ್ಕಳು ಬುಟ್ಟಿಯಲ್ಲಿ ಹೂ ತೆಗೆದುಕೊಂಡು ಹೋಗಿ ಮಾತೆಗೆ ಅರ್ಪಿಸುತ್ತಾರೆ, ಪಾದ್ರಿಗಳು ಆಶೀರ್ವದಿಸಿದ ತೆನೆಯನ್ನು ಮನೆಗೊಂದರಂತೆ ಕೊಡುತ್ತಾರೆ. ಅದರ ಕಾಳನ್ನು ಸುಲಿದು ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯಬೇಕು. ನಾನು ಗಲ್ಫಿನಲ್ಲಿದ್ದಾಗ ಅಮ್ಮ ಪ್ರತಿ ವರ್ಷ ನಾಲ್ಕು ಕಾಳನ್ನು ಕಾಗದದೊಳಗೆ ಇಟ್ಟು ಕಳುಹಿಸುತ್ತಿದ್ದರು. ಗೆಳತಿಯ ಕಡೆಯವರಿಗೂ ಇದೇ ದಿನಗಳಲ್ಲಿ ತೆನೆ ಕಟ್ಟುವ ಕ್ರಮ ಉಂಟು. ತೆನೆಗೆ ಅವರು ಕುರಲ್ ಎನ್ನುತ್ತಾರೆ. ಮಾವಿನ ಎಲೆ, ಹಲಸಿನ ಎಲೆಗಳಲ್ಲಿ ತೆನೆಯನ್ನು ಸುತ್ತಿ, ದಡ್ಡಲ್ ಮರದ ನಾರಿನಿಂದ ಬಾಗಿಲಿಗೆ, ಅಕ್ಕಿ ಡಬ್ಬಿಗೆ, ಬಾವಿಕಟ್ಟೆಗೆ, ಮರಕ್ಕೆ, ಮನೆಗೆ ಸೇರಿದ ಎಲ್ಲದಕ್ಕೂ ಕಟ್ಟುತ್ತಾರೆ. ಒಮ್ಮೆ ಕಟ್ಟಿದ್ದನ್ನು ಮರುವರ್ಷದ ತೆನೆ ಬರುವ ತನಕ ಬಿಚ್ಚುವುದಿಲ್ಲ.

ನಮ್ಮ ಚರ್ಚು, ಇಗರ್ಜಿ, ಇರುವುದು ಓಣಿಯ ಆಚೆ. ಅಂದರೆ ನಮ್ಮ ಕಟ್ಟಡದ ಕ್ರೈಸ್ತ ಮನೆಗಳಿಗೂ ಮೆಟ್ಟಿಲೇ ಹತ್ತಿರದ ದಾರಿ! ಬೀಗ ಹಾಕುವಾಗ ಇದು ಒಬ್ಬರಿಗೂ ಹೊಳೆದಿರಲಿಲ್ಲ. ಮಕ್ಕಳು ಹೂವಿನ ಬುಟ್ಟಿ ಹಿಡಿದು ಹೆದ್ದಾರಿಯಲ್ಲಿ ಹೋಗುವುದು ಹೇಗೆ ಎಂದು ತಾಯಂದಿರು ಗಲಾಟೆ ಎಬ್ಬಿಸಿದರು. ಅಧ್ಯಕ್ಷರು ಹಬ್ಬದ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಗೇಟು ತೆರೆದಿಡಲು ಒಪ್ಪಿದರು. ನಾನು ಈ ಸುದ್ದಿಯನ್ನು ಗೆಳತಿಗೆ ಸುಮ್ಮನೆ ಹೇಳಿದೆ.

"ಮಧ್ಯಾಹ್ನದವರೆಗೆ?" ಎಂದಳು.

"ಹೌದು, ಹನ್ನೆರಡಕ್ಕೆ ಬೀಗ."

"ಸಾಕು" ಎಂದಳು. ಆ ವರ್ಷ ಅವರ ಓಣಿಯಲ್ಲೂ ಅದೇ ದಿನ ಕುರಲ್ ಕಟ್ಟುವುದೆಂದು ನಿಶ್ಚಯವಾಯಿತು. ನಿಶ್ಚಯಿಸಿದ್ದು ಹಿರಿಯರೋ ಇವಳೋ, ನಾನು ಕೇಳಲಿಲ್ಲ.

ಹಬ್ಬದ ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿ ನಾವು ಹೊಸ ಬಟ್ಟೆಯಲ್ಲಿ, ಕೈಯಲ್ಲಿ ಒಂದೊಂದು ತೆನೆ ಹಿಡಿದು ಮೆಟ್ಟಿಲು ಹತ್ತಿ ಬಂದೆವು. ಮೇಲೆ ಗೇಟಿನ ಹತ್ತಿರ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಗೇಟನ್ನು ಪೂರ್ತಿ ತೆರೆದು, ಪಕ್ಕದ ಹಲಸಿನ ಮರಕ್ಕೆ ತಾಗಿಸಿ, ಸರಳನ್ನೂ ಮರವನ್ನೂ ಸೇರಿಸಿ ನಾರು ಸುತ್ತಿದ್ದರು. ನಾರಿನಲ್ಲಿ ಎಲೆ, ಎಲೆಯೊಳಗೆ ಕುರಲ್. ಬಯಲಿನಲ್ಲಿ ಉಳಿದಿರುವ ಒಂದೇ ಒಂದು ಗದ್ದೆಯಿಂದ ತಂದ, ಹಾಲುಗಾಳಿನ ತೆನೆ.

"ಇದೆಂತ?" ಎಂದರು ಅಧ್ಯಕ್ಷರು.

"ಕುರಲ್ ಸಾರ್" ಎಂದಳು ನನ್ನ ಗೆಳತಿ, ಬಹಳ ವಿನಯದಿಂದ. "ನಮ್ಮ ಅಪ್ಪಂದಿರು ಕಟ್ಟಿದ ಮೆಟ್ಟಿಲಲ್ವಾ, ಅದಕ್ಕೆ ಕಟ್ಟಿದ್ದು."

ಅಧ್ಯಕ್ಷರು ವಾಚ್‌ಮನ್ ಕಡೆ ನೋಡಿದರು. ವಾಚ್‌ಮನ್ ಎರಡು ಹೆಜ್ಜೆ ಹಿಂದೆ ಸರಿದ. "ಬೇರೆ ಎಂತ ಬೇಕಾದ್ರೂ ಹೇಳಿ ಸಾರ್. ಕುರಲ್ ಕಡೀಲಿಕ್ಕೆ ಹೇಳ್ಬೇಡಿ. ನನಗೂ ಹೆಂಡ್ತಿ ಮಕ್ಕಳಿದ್ದಾರೆ" ಎಂದ. ಅಧ್ಯಕ್ಷರು ಕಾರ್ಯದರ್ಶಿಯನ್ನು ನೋಡಿದರು. ಕಾರ್ಯದರ್ಶಿಯವರು ಸಂಜೆ ಮನೆಯಲ್ಲಿ ತಾವೇ ಕುರಲ್ ಕಟ್ಟಬೇಕಾದವರು. ಅವರಿಗೆ ತಕ್ಷಣ ಒಂದು ಫೋನ್ ಬಂತು. ಕೊನೆಗೆ ಅಧ್ಯಕ್ಷರ ಕಣ್ಣು ಅವರದೇ ಕೈಯ ಮೇಲೆ ಬಿತ್ತು. ಅದರಲ್ಲಿ ಈಗಷ್ಟೇ ಆಶೀರ್ವಾದ ಪಡೆದ ತೆನೆ. ಒಂದು ಕೈಯಲ್ಲಿ ತೆನೆ ಹಿಡಿದು ಇನ್ನೊಂದು ಕೈಯಲ್ಲಿ ತೆನೆ ಕತ್ತರಿಸುವುದು ಯಾವ ಮಂಗಳೂರಿಗನಿಂದ ಸಾಧ್ಯ ಹೇಳಿ? ಅವರ ವಯಸ್ಸಾದ ತಾಯಿ ಹಿಂದಿನಿಂದ ಕೊಂಕಣಿಯಲ್ಲಿ, "ಮುಟ್ಟಬೇಡ ಮಗಾ, ಹೊಸ ಅಕ್ಕಿ ಗಂಟಲಲ್ಲಿ ಇಳಿಯಲಿಕ್ಕಿಲ್ಲ" ಎಂದರು.

ಅಧ್ಯಕ್ಷರ ಮುಖ ಕೆಂಪಾಯಿತು. "ಆಯ್ತು. ಬರುವ ವರ್ಷ ಹಳೆಯದನ್ನು ಬಿಚ್ತೀರಲ್ಲ, ಆ ಗಳಿಗೆಯಲ್ಲಿ ನಾನೇ ನಿಂತು ಬೀಗ ಹಾಕಿಸ್ತೇನೆ" ಎಂದು ಹೇಳಿ ಹೋದರು. ಅಂತೂ ನಮಗೆ ಒಂದು ವರ್ಷ ಸಿಕ್ಕಿತು. ಮರುದಿನ ಆರು ಮುಕ್ಕಾಲಿಗೆ ಹತ್ತನೆಯ ಮಹಡಿಯಲ್ಲಿ ಒಗ್ಗರಣೆ ಸಿಡಿಯಿತು.

ಆ ವರ್ಷ ನಾವು ಒಂದು ವಾರ್ಡ್ ಸಭೆಯನ್ನೂ ತಪ್ಪಿಸಲಿಲ್ಲ. ಅರ್ಜಿ ನಾನು ಬರೆಯುವುದು, ಮಾತು ಅವಳದು. ನಕ್ಷೆ ಹಿಡಿದು ಅಳತೆಯವರು ಬಂದಾಗ ಓಣಿಯ ಅಜ್ಜ ಒಬ್ಬರು ಮೆಟ್ಟಿಲು ಕಡಿದ ಹಳೆಯ ಪಿಕ್ಕಾಸನ್ನು ಸಾಕ್ಷಿಗೆಂದು ಹೊತ್ತು ತಂದರು. ಗೆಳತಿ ಎಪ್ಪತ್ತನೆಯ ಮೆಟ್ಟಿಲ ಮೇಲೆ ನಿಂತು, "ಇದು ವಾರೆ ಆದದ್ದು ಯಾರಿಂದ ಅಂತಲೂ ಬರ್ಕೊಳ್ಳಿ" ಎಂದು ಎಲ್ಲರನ್ನೂ ನಗಿಸಿದಳು. ಬೇರೆ ವಾರ್ಡುಗಳವರಿಗೂ ಸುದ್ದಿ ಮುಟ್ಟಿತು. ಕೊಟ್ಟಾರದ ಕಡೆಯಿಂದ ನಾಲ್ಕು ಜನ ಹೆಂಗಸರು, ತಮ್ಮಲ್ಲೂ ಹೀಗೇ ಒಂದು ದಾರಿ ಉಂಟೆಂದು ಕೇಳಿಕೊಂಡು ಬಂದರು. ಬೀಗ ಹಾಕಿದ ಮನೆಗಳ ತೆರಿಗೆಯ ಬೇಡಿಕೆ ಒಂದು ಸಭೆಯಿಂದ ಇನ್ನೊಂದಕ್ಕೆ ಹತ್ತುತ್ತಲೇ ಇದೆ. ಅದು ಇನ್ನೂ ಆಗಿಲ್ಲ. ಪೇಪರಿನಲ್ಲಿ ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಬೆಳೆಯುತ್ತಿದೆ ಎಂದು ಓದಿದಾಗ ಮೊದಲು ನಾನು ಹಾಳೆ ಮಗುಚುತ್ತಿದ್ದೆ. ಈಗ ಅದು ನನ್ನ ಕಿಟಕಿಯಿಂದಲೇ ಕಾಣುತ್ತದೆ. ಕೋಪ ಬರುತ್ತದೆ, ಆ ಕೋಪದಲ್ಲೇ ಅರ್ಜಿ ಬರೆಯುತ್ತೇನೆ.

ಹೇಳದೆ ಉಳಿದದ್ದು ಒಂದೇ. ಎಷ್ಟೋ ಸಲ ಬಾಯಿಯ ತನಕ ಬಂತು. ಸಭೆಯಿಂದ ಬರುವಾಗ ಅವಳು ನನ್ನ ಹೆಗಲು ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ಹೇಳಿದರೆ ಆ ಕೈಯನ್ನು ತೆಗೆದುಬಿಟ್ಟಾಳು ಎಂಬ ಹೆದರಿಕೆ.

ಹಬ್ಬಕ್ಕೆ ಒಂದು ವಾರ ಇದೆ ಎನ್ನುವಾಗ ದಾರಿಗಳ ಪಟ್ಟಿ ಬಂತು. ನಮ್ಮ ಮೆಟ್ಟಿಲು ಅದರಲ್ಲಿತ್ತು. ಮೇಲೊಂದು ಕೆಳಗೊಂದು ನೀಲಿ ಬೋರ್ಡು ನಿಂತಿತು: ಸಾರ್ವಜನಿಕ ದಾರಿ. ಇನ್ನು ಬೀಗ ಹಾಕುವಂತಿಲ್ಲ. ಅಧ್ಯಕ್ಷರು ಬೋರ್ಡನ್ನು ಎರಡು ಸಲ ಓದಿ, "ಒಳ್ಳೆಯದೇ ಆಯ್ತು, ನಮ್ಮ ಅಮ್ಮನಿಗೂ ಇಗರ್ಜಿ ಹತ್ತಿರ" ಎಂದರು. ದೊಡ್ಡವರು ಸೋಲುವುದೂ ನಯವಾಗಿಯೇ.

ಆದರೂ ಹಬ್ಬದ ದಿನ ಎಲ್ಲರೂ ಗೇಟಿನ ಹತ್ತಿರ ಸೇರಿದರು, ಮೇಲಿನವರೂ ಕೆಳಗಿನವರೂ. ಹಳೆಯ ಕುರಲ್ ಬಿಚ್ಚಿ ಹೊಸತು ಕಟ್ಟಬೇಕಲ್ಲ. ನಾರು ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಕಪ್ಪಾಗಿ ಗಂಟು ಬಿಗಿದಿತ್ತು. ಗೆಳತಿ ಹೊಸ ತೆನೆ ಹಿಡಿದು ನಿಂತಿದ್ದಳು. ಇಡೀ ಗುಂಪಿನ ಎದುರು, ಅಧ್ಯಕ್ಷರ ಎದುರು, ನನ್ನ ಕಡೆ ತಿರುಗಿ ಜೋರಾಗಿ ಹೇಳಿದಳು:

"ನೀನೇ ಬಿಚ್ಚು ಮಾರಾಯ್ತಿ. ಅವತ್ತು ಕೈ ಎತ್ತಿದವಳು ನೀನಲ್ವಾ?"

"ನಿನಗೆ... ಯಾರು ಹೇಳಿದ್ದು?"

"ಹೇಳ್ಲಿಕ್ಕೆ ಎಂತ ಉಂಟು? ಅವತ್ತು ಬಿಸ್ಕಿಟ್ ರೊಟ್ಟಿ ಕಾಯಿಸಿದ್ದು ಯಾರು ಅಂತ ಗ್ರಹಿಸಿದ್ದೀ? ನಾನು ಅಡುಗೆಕೋಣೆಯ ಬಾಗಿಲ ಸಂದಿಯಲ್ಲೇ ಇದ್ದೆ. ನಾಲ್ಕು ತಿಂದಿದ್ದೀ ನೀನು."

ಜನ ನಕ್ಕರು. ನನಗೆ ಮಾತ್ರ ಕಣ್ಣಲ್ಲಿ ನೀರು ತುಂಬಿತು. "ಮತ್ತೆ ಇಷ್ಟು ದಿನ ಯಾಕೆ ಬೈಲಿಲ್ಲ?" ಅಂದೆ.

"ಬೈದಿದ್ರೆ ನೀನು ಅಳುತ್ತಾ ಮನೆಯಲ್ಲಿ ಕೂರ್ತಿದ್ದಿ. ನಮಗೆ ಅರ್ಜಿ ಬರೆಯುವ ಜನ ಬೇಕಿತ್ತು" ಎಂದಳು. ಆಮೇಲೆ ಸ್ವರ ಸ್ವಲ್ಪ ತಗ್ಗಿಸಿ, "ಬೇಜಾರಾಗಿತ್ತು ನನಗೆ. ತುಂಬ ಬೇಜಾರಾಗಿತ್ತು. ಈಗ ಇಲ್ಲ. ಬಿಚ್ಚು, ಬಿಸಿಲು ಏರ್ತಾ ಉಂಟು" ಎಂದಳು.

ಯಾರೋ ಕತ್ತರಿ ಚಾಚಿದರು. ನಾನು ಬೇಡವೆಂದೆ. ಉಗುರಿನಲ್ಲೇ ಗಂಟು ಬಿಡಿಸಿದೆ, ಬಹಳ ಹೊತ್ತು ಹಿಡಿಯಿತು. ನಾರು ಕಳಚಿ ಕೈಗೆ ಬಂತು, ಗೇಟು ಇದ್ದಲ್ಲೇ ನಿಂತಿತ್ತು. ಬುಡದಲ್ಲಿ ಹುಲ್ಲು ಬೆಳೆದು ಹಿಡಿದುಕೊಂಡಿತ್ತು. ಗೆಳತಿ ಹೊಸ ತೆನೆಯನ್ನು ಸರಳಿಗೆ ಒತ್ತಿ ಹಿಡಿದಳು. ನಾನು ಹೊಸ ನಾರನ್ನು ಮರಕ್ಕೆ ಸುತ್ತಿ ಕಟ್ಟಿದೆ.

"ಗಂಟು ವಾರೆ ಆಯ್ತು" ಎಂದಳು. "ಅಪ್ಪನ ಮಗಳೇ."